ಚಿಕ್ಕಂದಿನಲ್ಲಿ ಹುಚ್ಚು ಹಿಡಿಸಿದ ವಿಡಿಯೊ ಗೇಮ್‌ಗಳು ಈಗ ಆಡಿದರೆ ಯಾಕೆ ಸಪ್ಪೆ ಅನ್ನಿಸುತ್ತವೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಹುಡುಗರಾಗಿದ್ದಾಗ ಊಟ ನಿದ್ದೆ ಬಿಟ್ಟು ಆಡಿದ ಕಾಂಟ್ರಾ, ಐಜಿಐ, ವೈಸ್ ಸಿಟಿಗಳನ್ನು ಹುಡುಕಿ ಮತ್ತೆ ಹಾಕಿಕೊಂಡಿರಿ, ಅರ್ಧ ಗಂಟೆಯಲ್ಲೇ ಬೇಸರ ಬಂತು. ಆಟಗಳೇ ಅಷ್ಟಕ್ಕಷ್ಟೇ ಇದ್ದವೋ, ನಿಮಗೇ ವಯಸ್ಸಾಯಿತೋ ಎಂಬುದು ನಿಮ್ಮ ಸಂಶಯ.

ನಾನು ಕಲಬುರಗಿಯವನು, ಟಿವಿ ಮತ್ತು ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಕಳೆದ ಎರಡು ಬೇಸಿಗೆ ನಾನೂ ಇದನ್ನೇ ಮಾಡಿದೆ. ನಮ್ಮೂರಿನ ಬಿಸಿಲಿಗೆ ಮಧ್ಯಾಹ್ನ ಗಿರಾಕಿಗಳು ಬರುವುದಿಲ್ಲ. ಷಟರ್ ಅರ್ಧ ಇಳಿಸಿ, ಕೂಲರ್ ಹಚ್ಚಿ, ಒಂದೊಂದೇ ಹಳೆಯ ಆಟ ಹಾಕಿ ಕೂತೆ. ಕೆಲವು ನಿಜಕ್ಕೂ ಹಳಸಿವೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಬಹಳಷ್ಟು ಸಲ ಗೊತ್ತಾದದ್ದು ಬೇರೆ. ನಾವು ಆಗ ಆಡಿದ ಆಟವೇ ಬೇರೆ, ಈಗ ಹಾಕಿಕೊಂಡಿರುವ ಆಟವೇ ಬೇರೆ. ಹೆಸರು ಮಾತ್ರ ಒಂದು.

ಕಾಂಟ್ರಾ ತಗೊಳ್ಳಿ. 1996ರಲ್ಲಿ ಕಾಕಾ ಹೈದರಾಬಾದಿನ ಕೋಠಿಯಿಂದ ಒಂದು ಟಿವಿ ಗೇಮ್ ತಂದರು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ನಕಲು ಅದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು, ಒಳಗಿದ್ದದ್ದು ಹತ್ತೋ ಹನ್ನೆರಡೋ. ಅದರಲ್ಲೊಂದು ಕಾಂಟ್ರಾ. ನಾನು ಮತ್ತು ಅಕ್ಕ ನೀಲಿ, ಕೆಂಪು ಚಡ್ಡಿಯ ಆ ಇಬ್ಬರು ಸಿಪಾಯಿಗಳನ್ನು ಹಂಚಿಕೊಂಡು, ಒಮ್ಮೆಗೇ ಹಲವು ಗುಂಡು ಚೆಲ್ಲುವ ಎಸ್ ಗನ್ ಯಾರಿಗೆ ಎಂದು ಜಗಳವಾಡುತ್ತ, ಜಲಪಾತದ ಸ್ಟೇಜಿನವರೆಗೆ ಹೋಗುತ್ತಿದ್ದೆವು. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಸೇವ್ ಇಲ್ಲದ ಆಟ, ಮತ್ತೆ ಮೊದಲಿಂದ.

ಈಗ ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ, ಹಾಕಿದೆ. ಮೊದಲ ಸ್ಟೇಜಿನಲ್ಲೇ ಮೂರೂ ಲೈಫ್ ಹೋದವು. ಗುಂಡುಗಳು ಬಂದದ್ದು ಕಾಣುವುದರೊಳಗೆ ತಗಲುತ್ತಿದ್ದವು. ಹಾಡು ಕೂಡ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ನಲವತ್ತು ಹತ್ತಿರವಾಯಿತು, ಕೈ ನಿಧಾನವಾಗಿದೆ ಎಂದು ನಾನೂ ನಿಮ್ಮಂತೆಯೇ ಅಂದುಕೊಂಡು ಬಿಟ್ಟುಬಿಟ್ಟೆ.

ಒಂದು ವಾರದ ಮೇಲೆ ಯಾರೋ ಹಳೆಯ ಡಬ್ಬಾ ಟಿವಿ ರಿಪೇರಿಗೆ ತಂದರು. ಹಿಂದಿನ ಚೀಟಿಯ ಮೇಲೆ ಪಾಲ್, 50 ಹರ್ಟ್ಸ್ ಎಂದಿತ್ತು. ದಿನಾ ನೋಡುವ ಚೀಟಿ ಅದು, ಆದರೆ ಅವತ್ತು ತಲೆಯಲ್ಲಿ ದೀಪ ಹತ್ತಿತು. ಆಗ ಜಪಾನ್, ಅಮೆರಿಕದ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದು, ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ನಮ್ಮ ದೇಶದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50 ಸಲ. ಆ ಕಾಲದ ಆಟಗಳಿಗೆ ಸಮಯದ ಲೆಕ್ಕ ಬೇರೆ ಇರಲಿಲ್ಲ. ಒಂದು ಚಿತ್ರಕ್ಕೆ ಗುಂಡು ಇಷ್ಟು ಚುಕ್ಕಿ ಮುಂದೆ ಹೋಗಬೇಕು, ಹಾಡು ಇಷ್ಟು ಮುಂದುವರಿಯಬೇಕು ಎಂದು ಬರೆದಿದ್ದರು. ಪಾಲ್ ಟಿವಿಗೆಂದು ಮಾಡಿದ ನಕಲು ಯಂತ್ರದಲ್ಲಿ ಅದೇ ಆಟ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಜಪಾನಿನ ಹುಡುಗನಿಗೆ ಒಂದು ನಿಮಿಷದಲ್ಲಿ ಮುಗಿಯುವ ಓಟ ನಮ್ಮ ಮನೆಯಲ್ಲಿ 72 ಸೆಕೆಂಡು. ಎಮ್ಯುಲೇಟರ್ ಕೊಟ್ಟದ್ದು ಜಪಾನಿನ ಹುಡುಗನ ಕಾಂಟ್ರಾ. ನನ್ನ ಕಿವಿಯಲ್ಲಿ ಉಳಿದ ಹಾಡು ಕಲಬುರಗಿಯ ಕಾಂಟ್ರಾದ್ದು.

ಸೆಟ್ಟಿಂಗ್‌ಗೆ ಹೋಗಿ ಪಾಲ್ ಮಾಡಿದೆ. ಕೆಲವು ಎಮ್ಯುಲೇಟರ್‌ಗಳಲ್ಲಿ ಡೆಂಡಿ ಎಂಬ ಆಯ್ಕೆ ಇರುತ್ತದೆ, ನಕಲು ಯಂತ್ರಗಳಿಗೆ ಅದು ಇನ್ನೂ ಹತ್ತಿರ. ಹಾಡು ತನ್ನ ನಡಿಗೆಗೆ ಬಂತು, ಬೆರಳುಗಳಿಗೆ ಗುಂಡಿನ ಲಯ ಸಿಕ್ಕಿತು. ಆಮೇಲೆ ಆ ಡಬ್ಬಾ ಟಿವಿಗೇ ಜೋಡಿಸಿ ನೋಡಿದೆ. ಈ ಆಟದ ಇಡೀ ಚಿತ್ರ 256 ಅಡ್ಡ, 240 ಉದ್ದ ಚುಕ್ಕಿ, ಅಷ್ಟೇ. ಎಲ್‌ಇಡಿ ಟಿವಿ ಪ್ರತಿ ಚುಕ್ಕಿಯನ್ನೂ ಚೌಕ ಇಟ್ಟಂಗಿಯಂತೆ ತೋರಿಸುತ್ತದೆ. ಪಿಕ್ಚರ್ ಟ್ಯೂಬ್‌ನಲ್ಲಿ ಒಂದು ಚುಕ್ಕಿಯ ಬೆಳಕು ಪಕ್ಕದ್ದಕ್ಕೆ ಒಸರುತ್ತದೆ, ಎರಡು ಬಣ್ಣ ಸೇರಿ ಮೂರನೆಯದಾಗುತ್ತದೆ. ಆ ಕಾಲದ ಕಲಾವಿದರು ನೋಡುತ್ತ ಕೂತದ್ದು ಇಂಥ ಟ್ಯೂಬಿನ ಮುಂದೆಯೇ. ಕಾಂಟ್ರಾ ಸಪ್ಪೆಯಾಗಿಲ್ಲ. ಯಾರಾದರೂ ಸಪ್ಪೆ ಎಂದರೆ ಯಾವ ಟಿವಿಯಲ್ಲಿ, ಯಾವ ಸೆಟ್ಟಿಂಗ್‌ನಲ್ಲಿ ಆಡಿದಿರಿ ಎಂದು ನಾನು ಮೊದಲು ಕೇಳುತ್ತೇನೆ.

ಬಾತುಕೋಳಿ ಹೊಡೆಯುವ ಡಕ್ ಹಂಟ್ ಅಂತೂ ಈಗಿನ ಟಿವಿಯಲ್ಲಿ ನಡೆಯುವುದೇ ಇಲ್ಲ. ಟಿವಿಗೆ ಗುರಿಯಿಟ್ಟ ಆಟಿಕೆ ಗನ್ನಿನ ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕನ್ನು ಹಿಡಿಯುತ್ತದೆ. ಗುಂಡು ಹಾರುವುದು ಗನ್ನಿನಿಂದಲ್ಲ, ಬೆಳಕು ಬರುವುದು ಟಿವಿಯಿಂದ. ಪಿಕ್ಚರ್ ಟ್ಯೂಬಿನ ವೇಗಕ್ಕೆ ಹೊಂದಿಸಿದ ಲೆಕ್ಕ ಅದು. ನಿಮ್ಮ ಮನೆಯಲ್ಲಿ ಹಳೆಯ ಗನ್ ಇದ್ದು ಕೆಲಸ ಮಾಡದಿದ್ದರೆ ಎಸೆಯಬೇಡಿ, ಗನ್ ಸರಿಯೇ ಇರಬಹುದು.

ಇನ್ನು ನಿಜವಾಗಿ ಹಳಸಿದ್ದಕ್ಕೆ ಬರುತ್ತೇನೆ. ಹೇಳಲು ಸಂಕಟವಾಗುತ್ತದೆ, ಆದರೆ ಐಜಿಐ ಹಳಸಿದೆ. 2000ದ ಡಿಸೆಂಬರಿನಲ್ಲಿ ಬಂದ ಆಟ, ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿದ್ದು. ಅದಕ್ಕೂ ಮುಂಚೆ ಅವರು ಯುದ್ಧವಿಮಾನ ಹಾರಿಸುವ ಆಟ ಮಾಡಿದ್ದರು, ಅದರ ತಳಪಾಯದ ಮೇಲೇ ಇದನ್ನು ಕಟ್ಟಿದರು. ಹಾಗಾಗಿ ಗುಡ್ಡದ ಮೇಲೆ ನಿಂತರೆ ಕಣ್ಣು ಹಾಯುವಷ್ಟು ಬಯಲು. ಆ ಕಾಲದ ಬೇರೆ ಬಂದೂಕಿನ ಆಟಗಳು ಕೋಣೆಯಿಂದ ಕೋಣೆಗೆ ಓಡಿಸುತ್ತಿದ್ದಾಗ, ಬೈನಾಕ್ಯುಲರ್ ಹಿಡಿದು ದೂರದ ಕಾವಲುಗೋಪುರ ನೋಡುವುದು ನಮಗೆ ದೊಡ್ಡ ಬೆರಗು. ಸೂಪರ್ ಮಾರ್ಕೆಟ್ ಹತ್ತಿರದ ಸೈಬರ್ ಕೆಫೆಯಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ಆಡುತ್ತಿದ್ದೆವು.

ಆಗ ನಾವು ಆಡಿದ್ದು ಮೊದಲ ಎರಡು ಮಿಷನ್ ಮಾತ್ರ, ನೂರಾರು ಸಲ. ಗಂಟೆ ಮುಗಿದರೆ ಕೆಫೆಯ ಭಯ್ಯಾ ಬಂದು ಕುರ್ಚಿ ಅಲ್ಲಾಡಿಸುತ್ತಿದ್ದ: "ಟೈಮ್ ಆತು, ಏಳ್ರಿ ಏಳ್ರಿ." ಮರುದಿನ ಬಂದರೆ ಬೇರೆ ಕಂಪ್ಯೂಟರ್, ಮತ್ತೆ ಮೊದಲ ಮಿಷನ್. ಈಗ ಸಾವಕಾಶವಾಗಿ ಹದಿನಾಲ್ಕೂ ಮಿಷನ್ ಆಡಲು ಕೂತಾಗ ತೊಂದರೆ ಶುರುವಾಯಿತು. ಮಿಷನ್ ನಡುವೆ ಸೇವ್ ಇಲ್ಲ. ಮುಕ್ಕಾಲು ಗಂಟೆ ಹೊಟ್ಟೆ ಮೇಲೆ ತೆವಳಿ ಕೊನೆಯ ಬಾಗಿಲಿಗೆ ಬಂದಾಗ ಎಲ್ಲಿಂದಲೋ ಒಂದು ಗುಂಡು ಬಂದರೆ ಎಲ್ಲವೂ ಮೊದಲಿಂದ. ಅಲಾರಂ ಬಡಿದರೆ ಖಾಲಿ ಮಾಡಿದ ಬ್ಯಾರಕ್ಕಿನಿಂದಲೇ ಮತ್ತೆ ಕಾವಲುಗಾರರು ಹೊರಡುತ್ತಾರೆ. ಇದನ್ನು ಕಠಿಣ ಎಂದು ನಾನು ಒಪ್ಪುವುದಿಲ್ಲ. ಕಠಿಣವಾದ ಆಟ ಸೋತಾಗಲೆಲ್ಲ ಏನಾದರೂ ಕಲಿಸುತ್ತದೆ. ಇದು ಈಗಾಗಲೇ ಕಲಿತದ್ದನ್ನೇ ಮತ್ತೆ ಮತ್ತೆ ಬರೆಸುವ ಮೇಷ್ಟ್ರು. ಎಂಟನೆಯ ಮಿಷನ್‌ನಲ್ಲಿ ಬಿಟ್ಟೆ. ಮೊದಲ ಮಿಷನ್ ಮಾತ್ರ ಈಗಲೂ ಚೆನ್ನಾಗಿದೆ, ನಮ್ಮ ನೆನಪು ಅಷ್ಟರ ಮಟ್ಟಿಗೆ ಸುಳ್ಳಲ್ಲ.

ವೈಸ್ ಸಿಟಿಯದು ಇನ್ನೊಂದು ಬಗೆ. 2002ರ ಆಟ, ಕಂಪ್ಯೂಟರಿಗೆ 2003ರಲ್ಲಿ ಬಂತು. ನಮ್ಮ ಓಣಿಯಲ್ಲಿ ಅದರ ಕಥೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಚೀಟ್ ಕೋಡ್‌ಗಳ ಪಟ್ಟಿ ಇರುತ್ತಿತ್ತು. ಆಸ್ಪಿರಿನ್ ಎಂದು ಟೈಪ್ ಮಾಡಿದರೆ ಆರೋಗ್ಯ ತುಂಬುತ್ತದೆ, ಪ್ಯಾನ್ಜರ್ ಎಂದರೆ ಮುಂದೆ ಟ್ಯಾಂಕ್ ಬಂದು ಬೀಳುತ್ತದೆ, ಲೀವ್ ಮಿ ಅಲೋನ್ ಎಂದರೆ ಪೊಲೀಸರು ಬೆನ್ನು ಬಿಡುತ್ತಾರೆ. ಇಂಗ್ಲಿಷ್ ಬಾರದ ಹುಡುಗರೂ ಇವುಗಳ ಸ್ಪೆಲ್ಲಿಂಗ್ ತಪ್ಪುತ್ತಿರಲಿಲ್ಲ. ಸಮುದ್ರದ ದಂಡೆಯ ರಸ್ತೆಯಲ್ಲಿ ಬೈಕ್ ಓಡಿಸುವುದು, ಇಳಿಹೊತ್ತಿನ ಕೆಂಪು ಆಕಾಶ ನೋಡುವುದು, ಅದೇ ನಮ್ಮ ಆಟ. ನಾನಂತೂ ಆಗ ಸಮುದ್ರವನ್ನೇ ನೋಡಿರಲಿಲ್ಲ. ನಮ್ಮ ಸಿಡಿಯಲ್ಲಿ ಜಾಗ ಉಳಿಸಲು ರೇಡಿಯೊ ತೆಗೆದುಹಾಕಿದ್ದರು, ಕಾರಿನಲ್ಲಿ ಎಂಜಿನ್ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಈಗ ಕಥೆ ಹಿಡಿದು ಆಡಿದರೆ ಕೈ ಕಟ್ಟಿದಂತಾಗುತ್ತದೆ. ಮಿಷನ್ ಸೋತರೆ ನಡುವಿನಿಂದ ಮುಂದುವರಿಸುವ ಹಾಗಿಲ್ಲ. ನಾಯಕನಿಗೆ ಈಜು ಬರುವುದಿಲ್ಲ, ನೀರಿಗೆ ಬಿದ್ದರೆ ಮುಗಿಯಿತು. ಆಟಿಕೆ ಹೆಲಿಕಾಪ್ಟರ್ ಹಾರಿಸಿ ಕಟ್ಟಡದೊಳಗೆ ನಾಲ್ಕು ಬಾಂಬ್ ಇಡುವ ಮಿಷನ್ ಇದೆಯಲ್ಲ, ಕೀಬೋರ್ಡ್‌ನಲ್ಲಿ ಅದನ್ನು ಮಾಡಿದವರಿಗೆ ನನ್ನ ನಮಸ್ಕಾರ. ಆದರೆ ಕಥೆ ಬಿಟ್ಟು ಬೈಕ್ ಹತ್ತಿ ದಂಡೆಯ ರಸ್ತೆಗೆ ಹೋದರೆ ಊರು ಹಾಗೇ ಇದೆ. ಈ ಸಲ ರೇಡಿಯೊ ಕೂಡ ಇತ್ತು. ಆ ಊರು 1986ರದು, ಹಾಡುಗಳೂ ಆ ಕಾಲದವೇ, ಅವು ಕೇಳಿಸಿದ ಮೇಲೇ ಊರು ಪೂರ್ತಿಯಾಯಿತು ಅನ್ನಿಸಿತು. ಲೈಸೆನ್ಸ್ ಮುಗಿದದ್ದರಿಂದ ಆಮೇಲೆ ಮಾರಿದ ಪ್ರತಿಗಳಲ್ಲಿ ಕೆಲವು ಹಾಡುಗಳಿಲ್ಲ ಎಂಬುದೊಂದೇ ಬೇಸರ.

ಕ್ರಿಕೆಟ್ 07 ಬಗ್ಗೆ ಎರಡೇ ಮಾತು. ಲೈಸೆನ್ಸ್ ಇಲ್ಲದ್ದರಿಂದ ಅದರಲ್ಲಿ ನಮ್ಮ ಆಟಗಾರರ ಹೆಸರುಗಳನ್ನು ತಿರುಚಿದ್ದರು, ಅಭಿಮಾನಿಗಳೇ ಪ್ಯಾಚ್ ಮಾಡಿ ಸರಿಪಡಿಸಿದರು. ಒಬ್ಬನೇ ಕೂತು ಆಡಿದರೆ ಒಂದೇ ಶಾಟ್ ಓವರಿಡೀ ಬೌಂಡರಿಗೆ ಹೋಗುತ್ತದೆ, ಸಾಕಾಗಿಬಿಡುತ್ತದೆ. ಕಾಲೇಜಿನ ರೂಮಿನಲ್ಲಿ ಒಂದೇ ಕೀಬೋರ್ಡಿಗೆ ಇಬ್ಬರು ಕೂತಾಗ ನಮ್ಮದೊಂದು ಕಾನೂನಿತ್ತು: ಆ ಶಾಟ್ ಹೊಡೆದರೆ ಔಟ್, ಎದ್ದು ಮುಂದಿನವನಿಗೆ ಬಿಡಬೇಕು. ಓಣಿ ಕ್ರಿಕೆಟ್ಟಿನಲ್ಲಿ ಪಕ್ಕದ ಮನೆಯ ಮಾಳಿಗೆಗೆ ಹೊಡೆದರೆ ಔಟ್ ಅನ್ನುತ್ತೇವಲ್ಲ, ಹಾಗೆ. ಆಟದ ತೂತನ್ನು ನಾವೇ ಹೊಲಿದಿದ್ದೆವು. ಆ ಕಾನೂನು ಸಿಡಿಯೊಳಗೆ ಇರಲಿಲ್ಲ, ಆದ್ದರಿಂದ ಈಗ ಸಿಡಿಯಿಂದ ಸಿಗುವುದೂ ಇಲ್ಲ.

ಕೊನೆಗೆ, ನಾನು ಈ ಉತ್ತರ ಬರೆಯಲು ಕೂತದ್ದೇ ಪ್ರಿನ್ಸ್ ಆಫ್ ಪರ್ಷಿಯಾದ ಸಲುವಾಗಿ. ಜೋರ್ಡನ್ ಮೆಕ್ನರ್ ಎಂಬುವರು ಬರೆದು 1989ರಲ್ಲಿ ಬಿಟ್ಟ ಆಟ. ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ಹಿಡಿದು, ಅದನ್ನು ನೋಡಿಕೊಂಡು ಒಂದೊಂದೇ ಚಿತ್ರ ಬರೆದರು. ಅದಕ್ಕೇ ರಾಜಕುಮಾರ ಓಡುತ್ತಿರುವಾಗ ತಟ್ಟನೆ ನಿಲ್ಲುವುದಿಲ್ಲ, ಜಾರಿ ನಿಲ್ಲುತ್ತಾನೆ. ಜಿಗಿದರೆ ಅವನ ಮೈಭಾರ ನಮಗೆ ಗೊತ್ತಾಗುತ್ತದೆ. ಗುಂಡಿ ಒತ್ತಿದ ಕೂಡಲೇ ಕೇಳುವುದಿಲ್ಲ ಎಂದು ಈಗಿನವರು ದೂರುತ್ತಾರೆ. ನನ್ನ ಪ್ರಕಾರ ಆ ಭಾರವೇ ಆಟ. ಹೆಜ್ಜೆ ಇಡುವ ಮುಂಚೆ ಯೋಚಿಸಿ ಎಂದು ಅದು ಹೇಳುತ್ತಿರುತ್ತದೆ.

ಇಡೀ ಆಟಕ್ಕೆ ಇರುವುದು 60 ನಿಮಿಷ, ಹನ್ನೆರಡು ಲೆವೆಲ್. ಸೈಬರಿನಲ್ಲೂ ನಮಗಿದ್ದದ್ದು 60 ನಿಮಿಷ. ಭಯ್ಯಾ ಕಂಪ್ಯೂಟರ್ ಕೊಡುವುದು, ನಾವು ಆಟ ಹುಡುಕುವುದು, ಎಲ್ಲ ಸೇರಿ ಮೂರನೇ ಲೆವೆಲ್ಲಿಗೆ ಬರುವಷ್ಟರಲ್ಲಿ ಹೊತ್ತಾಗುತ್ತಿತ್ತು. ಮೂರನೇ ಲೆವೆಲ್ ಮುಟ್ಟಿದ ಮೇಲೆ ಕಂಟ್ರೋಲ್ ಮತ್ತು ಜಿ ಒತ್ತಿದರೆ ಸೇವ್ ಆಗುತ್ತದೆ ಎಂದು ನಮಗೆ ಹೇಳುವವರು ಯಾರೂ ಇರಲಿಲ್ಲ. ಆಟದ ಜೊತೆಗಿನ ಪುಸ್ತಕವನ್ನು ನಾವು ಕಂಡವರಲ್ಲ. ಹಾಗಾಗಿ ನನ್ನ ಪಾಲಿಗೆ ಅದು ಕತ್ತಲ ನೆಲಮಾಳಿಗೆ, ಮೊಳೆಗಳ ಗುಂಡಿ, ಸುರುಳಿ ಮೀಸೆಯ ಕಾವಲುಗಾರ, ಅಷ್ಟೇ.

ಕಳೆದ ವರ್ಷ ಪೂರ್ತಿ ಆಡಿದೆ. ನಾಲ್ಕನೇ ಲೆವೆಲ್ಲಿನಲ್ಲಿ ದಾರಿಗಡ್ಡವಾಗಿ ಕನ್ನಡಿಯೊಂದು ನಿಲ್ಲುತ್ತದೆ, ಅದರೊಳಗೇ ಜಿಗಿಯಬೇಕು. ಜಿಗಿದರೆ ನಮ್ಮ ಪ್ರತಿಬಿಂಬ ಹೊರಬಂದು ಓಡಿಹೋಗುತ್ತದೆ, ಮುಂದೆ ನಮಗೆ ಸಿಗಬೇಕಾದ ಔಷಧಿಯನ್ನು ಕುಡಿದುಬಿಡುತ್ತದೆ. ಎಂಟನೆಯದರಲ್ಲಿ ಬಾಗಿಲು ಮುಚ್ಚಿ ಸಿಕ್ಕಿಬಿದ್ದಾಗ ರಾಜಕುಮಾರಿ ಕಳಿಸಿದ ಒಂದು ಇಲಿ ಬಂದು ನೆಲದ ಬಟನ್ ತುಳಿದು ಬಾಗಿಲು ತೆರೆಯುತ್ತದೆ. ಹನ್ನೆರಡನೆಯದರಲ್ಲಿ ಕನ್ನಡಿಯಿಂದ ಬಂದ ಆ ಪ್ರತಿಬಿಂಬವೇ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅವನನ್ನು ಹೊಡೆದರೆ ನಮ್ಮ ಜೀವವೇ ಇಳಿಯುತ್ತದೆ. ಕತ್ತಿ ಒರೆಗೆ ಹಾಕಿ ಸುಮ್ಮನೆ ಅವನತ್ತ ನಡೆದರೆ ಇಬ್ಬರೂ ಒಂದಾಗುತ್ತಾರೆ. ಅಂಗಡಿಯಲ್ಲಿ ಒಬ್ಬನೇ ಇದ್ದೆ, ಎದ್ದು ನಿಂತುಬಿಟ್ಟೆ. ಇಪ್ಪತ್ತು ವರ್ಷ ಈ ಆಟ ಗೊತ್ತು ಅಂದುಕೊಂಡಿದ್ದೆ, ಅದರ ಕಾಲು ಭಾಗವನ್ನೂ ನೋಡಿರಲಿಲ್ಲ.

ಆದ್ದರಿಂದ ನಿಮಗೆ ಹೇಳುವುದಿಷ್ಟು: ನೀವು ಆಡಿ ತಣಿದ ಆಟಗಳಿಗಿಂತ ಮೊದಲು, ಅರ್ಧಕ್ಕೆ ಬಿಟ್ಟವನ್ನು ಹಾಕಿ ನೋಡಿ.

ಈ ಬೇಸಿಗೆಯಲ್ಲಿ ಅಕ್ಕನ ಮಗ ಯಾದಗಿರಿಯಿಂದ ಬಂದಿದ್ದ, ಏಳನೇ ತರಗತಿ. ಐಜಿಐ ತೋರಿಸಿದೆ, ಹತ್ತು ನಿಮಿಷಕ್ಕೆ ಎದ್ದ. ಪ್ರಿನ್ಸ್ ಹಾಕಿಕೊಟ್ಟೆ. ಮಧ್ಯಾಹ್ನದ ರೊಟ್ಟಿ ಆರಿ ಖಡಕ್ ಆದರೂ ಏಳಲಿಲ್ಲ. ಮೂರನೇ ಲೆವೆಲ್ಲಿನಲ್ಲಿ ನೆಲದ ಮೇಲೆ ಬಿದ್ದಿದ್ದ ಎಲುಬುಗೂಡು ಎದ್ದು ಕತ್ತಿ ಹಿಡಿಯಿತು.

"ಎಷ್ಟ್ ಹೊಡದ್ರೂ ಸಾಯವಲ್ದು ಮಾಮಾ."

"ಅದು ಸಾಯಂಗಿಲ್ಲ. ಅದರ ಹಿಂದ ಏನದ ನೋಡು," ಅಂದೆ.

ಸ್ವಲ್ಪ ಹೊತ್ತು ಪರದೆ ನೋಡಿದ. ಆಮೇಲೆ ಒಂದೊಂದೇ ಹೆಜ್ಜೆ, ಅದನ್ನು ಗುಂಡಿಯ ಅಂಚಿಗೆ ದಬ್ಬತೊಡಗಿದ.