ಒಬ್ಬರೇ ಕುಳಿತು ಹಾಸ್ಯ ಚಿತ್ರ ನೋಡಿದರೆ ನಗು ಏಕೆ ಬರುವುದಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಎಲ್ಲರೂ ಹೊಗಳಿದ ಹಾಸ್ಯ ಚಿತ್ರವೊಂದನ್ನು ರಾತ್ರಿ ಒಬ್ಬರೇ ಲ್ಯಾಪ್‌ಟಾಪಿನಲ್ಲಿ ನೋಡಿದಿರಿ, ಮುಗಿಯುವವರೆಗೂ ಒಂದು ಸಲವೂ ನಗು ಬರಲಿಲ್ಲ. ಅದೇ ವಾರ ಗೆಳೆಯರ ಜೊತೆ ನೇರ ಹಾಸ್ಯ ಕಾರ್ಯಕ್ರಮವೊಂದಕ್ಕೆ ಹೋದಿರಿ, ಅಲ್ಲಿ ಹಳಸಲು ಜೋಕಿಗೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿರಿ. ದೋಷ ಚಿತ್ರದ್ದೋ ನಿಮ್ಮದೋ ಎಂದು ಕೇಳಿದ್ದೀರಿ. ಎರಡರಲ್ಲಿ ನನ್ನ ಮತ ಯಾವುದಕ್ಕೆ ಎಂದೂ ಕೇಳಿದ್ದೀರಿ.

ನನ್ನ ಪ್ರಕಾರ ದೋಷ ಖಾಲಿ ಕೋಣೆಯದು. ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ವಿಮರ್ಶೆಗಳನ್ನು ಓದಿ ಅಲ್ಲ. ಕೆಲವು ವರ್ಷ ನಾನು ಹವ್ಯಾಸಿ ನಾಟಕ ತಂಡವೊಂದರಲ್ಲಿ ಬೆಳಕು ನೋಡಿಕೊಳ್ಳುತ್ತಿದ್ದೆ. ಒಂದೇ ಪ್ರಹಸನವನ್ನು ನಲವತ್ತಕ್ಕೂ ಹೆಚ್ಚು ಸಲ ಸಭಾಂಗಣದ ಹಿಂದಿನ ಮೂಲೆಯಿಂದ ನೋಡಿದ್ದೇನೆ. ಮಾತುಗಳೆಲ್ಲ ಬಾಯಿಪಾಠವಾದ ಮೇಲೆ ನೋಡಲು ಉಳಿಯುವುದು ಪ್ರೇಕ್ಷಕರ ತಲೆಗಳು ಮಾತ್ರ. ನಾನು ನಗುವನ್ನು ಗಮನಿಸತೊಡಗಿದ್ದು ಆಗ.

ನಿರ್ದೇಶಕರು ಮೊದಲ ದಿನವೇ ಒಂದು ಮಾತು ಹೇಳಿದ್ದರು: "ನಗು ಏರುತ್ತಿರುವಾಗ ದೀಪ ಆರಿಸಬೇಡ. ಪೂರ್ತಿ ಇಳಿಯುವವರೆಗೂ ಕಾಯಬೇಡ. ಇಳಿಯತೊಡಗಿದ ಕೂಡಲೇ ಆರಿಸು." ನಟರಿಗೂ ಅದೇ ಪಾಠ. ನಗು ಭೋರೆಂದು ಎದ್ದಾಗ ಮುಂದಿನ ಮಾತು ಆಡಿದರೆ ಅದು ಯಾರಿಗೂ ಕೇಳಿಸುವುದಿಲ್ಲ, ಎರಡು ಸಲ ಹಾಗಾದರೆ ಜನ ಮಾತು ಕೇಳುವ ಆಸೆಯಿಂದ ನಗುವುದನ್ನೇ ನಿಲ್ಲಿಸುತ್ತಾರೆ. ನಗು ಪೂರ್ತಿ ಆರಿದ ಮೇಲೆ ಆಡಿದರೆ ತಣ್ಣಗಾದ ಒಲೆಯನ್ನು ಮತ್ತೆ ಹೊತ್ತಿಸಿದ ಹಾಗೆ. ಆ ನಡುವಿನ ಕ್ಷಣ ಪ್ರತಿ ರಾತ್ರಿಯೂ ಬೇರೆ ಜಾಗದಲ್ಲಿರುತ್ತಿತ್ತು. ಗುರುವಾರದ ಜನ ಮುಸಿಮುಸಿ ನಕ್ಕು ಮುಗಿಸಿದ ಕಡೆ ಶನಿವಾರದ ಜನ ಗೊಳ್ಳೆಂದು ನಕ್ಕು, ಸುಮ್ಮನಾಗಿ, ಪಕ್ಕದವರ ಮುಖ ನೋಡಿ ಮತ್ತೊಮ್ಮೆ ನಗುತ್ತಿದ್ದರು. ರಂಗದ ಮೇಲಿರುವವನು ಅಷ್ಟು ಹೊತ್ತು ಕೈಯಲ್ಲಿರುವ ಕೊಡೆಯನ್ನು ನೋಡುತ್ತಾ ನಿಂತರಾಯಿತು.

ಸಿನಿಮಾಗೆ ಈ ಸೌಲಭ್ಯವಿಲ್ಲ. ಸಂಕಲನದ ಮೇಜಿನ ಮೇಲೆ ಕತ್ತರಿಸಿದ ದಿನವೇ ಅದರ ಬಿಡುವುಗಳೆಲ್ಲ ನಿಗದಿಯಾಗಿಬಿಡುತ್ತವೆ. ಹಳೆಯ ಕಾಲದ ಚಿತ್ರ ತಯಾರಕರಿಗೆ ಇದು ದೊಡ್ಡ ತಲೆನೋವಾಗಿತ್ತು. 1935ರ 'ಎ ನೈಟ್ ಅಟ್ ದಿ ಒಪೆರಾ' ಚಿತ್ರಕ್ಕೆ ಮುಂಚೆ ನಿರ್ಮಾಪಕ ಇರ್ವಿಂಗ್ ಥಾಲ್‌ಬರ್ಗ್ ಅವರು ಅದರ ಹಾಸ್ಯನಟರಾದ ಮಾರ್ಕ್ಸ್ ಸೋದರರನ್ನು ಊರಿಂದೂರಿಗೆ ಕಳಿಸಿ, ಚಿತ್ರದ ಮುಖ್ಯ ಹಾಸ್ಯ ಪ್ರಸಂಗಗಳನ್ನು ರಂಗದ ಮೇಲೆ ಆಡಿಸಿದರು. ಯಾವ ಮಾತಿಗೆ ಜನ ನಕ್ಕರು, ಎಷ್ಟು ಹೊತ್ತು ನಕ್ಕರು ಎಂದು ಲೆಕ್ಕವಿಟ್ಟುಕೊಂಡು, ನಗು ಹುಟ್ಟಿಸದ ಮಾತುಗಳನ್ನು ಕಿತ್ತುಹಾಕಿ, ಆಮೇಲೆ ಕ್ಯಾಮೆರಾ ಮುಂದೆ ಬಂದರು. ಅಂದರೆ ಆ ಚಿತ್ರದಲ್ಲಿ ಕಾಣುವ ಬಿಡುವುಗಳು ನಿಜವಾದ ಸಭಾಂಗಣಗಳ ನಗುವಿನ ಅಳತೆಗೆ ಹೊಲಿದ ಅಂಗಿಯಂಥವು. ಒಬ್ಬರೇ ಕುಳಿತು ನೋಡಿದರೆ ಅದು ಜೋಲುತ್ತದೆ.

ಇನ್ನೂ ಚೆಂದದ ಉದಾಹರಣೆ 1959ರ 'ಸಮ್ ಲೈಕ್ ಇಟ್ ಹಾಟ್'. ಹೆಣ್ಣು ವೇಷದಲ್ಲಿರುವ ಜ್ಯಾಕ್ ಲೆಮನ್ ಅವರ ಪಾತ್ರ, ತನಗೆ ಒಬ್ಬ ಶ್ರೀಮಂತ ಗಂಡಸಿನ ಜೊತೆ ಮದುವೆ ನಿಶ್ಚಯವಾಗಿದೆ ಎಂದು ಗೆಳೆಯನಿಗೆ ಹೇಳುವ ದೃಶ್ಯವಿದೆ. ನಿರ್ದೇಶಕ ಬಿಲ್ಲಿ ವೈಲ್ಡರ್ ಲೆಮನ್ ಅವರ ಕೈಗೆ ಮರಾಕಾ ಎಂಬ ಗಿಲಕಿಯಂಥ ವಾದ್ಯ ಕೊಟ್ಟರು. ಒಂದು ಮಾತು, ಒಂದಷ್ಟು ಗಿಲಗಿಲ, ಇನ್ನೊಂದು ಮಾತು, ಮತ್ತೆ ಗಿಲಗಿಲ. ಚಿತ್ರಮಂದಿರದಲ್ಲಿ ಜನ ನಕ್ಕು ಮುಂದಿನ ಮಾತನ್ನು ಮುಳುಗಿಸಿಬಿಡುತ್ತಾರೆ ಎಂಬ ಭಯಕ್ಕೆ ಮಾಡಿದ ಉಪಾಯ ಅದು. ಮಜಾ ಏನೆಂದರೆ, ಒಬ್ಬನೇ ನೋಡಿದಾಗಲೂ ನನಗೆ ಆ ದೃಶ್ಯಕ್ಕೆ ನಗು ಬಂದಿದೆ, ಏಕೆಂದರೆ ಆ ಮನುಷ್ಯ ಮೈಮರೆತು ಗಿಲಕಿ ಆಡಿಸುವುದೇ ನಗೆಯ ವಿಷಯ. ಒಳ್ಳೆಯ ಹಾಸ್ಯ ಚಿತ್ರವನ್ನು ನಾನು ಗುರುತಿಸುವುದು ಹೀಗೆಯೇ: ನಗುವಿಗೆಂದು ಬಿಟ್ಟ ಜಾಗದಲ್ಲಿ ಏನಾದರೂ ನಡೆಯುತ್ತಿದೆಯೇ, ಅಥವಾ ನಟ ಹುಬ್ಬು ಹಾರಿಸಿ ನಮ್ಮ ನಗುವಿಗಾಗಿ ಕಾಯುತ್ತಾ ನಿಂತಿದ್ದಾನೆಯೇ? ಎರಡನೆಯದಾದರೆ, ಅದರ ಮೇಲೆ ಪಿಟೀಲಿನ 'ಟೊಂಯ್' ಶಬ್ದ ಬೇರೆ ಬಂದರೆ, ನಾನು ಅಲ್ಲಿಗೇ ಎದ್ದುಬಿಡುತ್ತೇನೆ.

ನಿಮ್ಮಲ್ಲಿ ದೋಷವಿಲ್ಲ ಎನ್ನುವುದಕ್ಕೆ ಒಂದು ಆಧಾರವೂ ಇದೆ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ನರವಿಜ್ಞಾನಿ ಜನ ಎಲ್ಲಿ ಹೇಗೆ ನಗುತ್ತಾರೆಂದು ವರ್ಷಗಟ್ಟಲೆ ಕದ್ದು ಕೇಳಿದವರು. ಟಿವಿ, ರೇಡಿಯೊ, ಪುಸ್ತಕ ಯಾವುದೂ ಜೊತೆಗಿಲ್ಲದಿದ್ದರೆ, ಬೇರೆಯವರ ಜೊತೆ ಇರುವಾಗ ಮನುಷ್ಯ ಒಂಟಿಯಾಗಿರುವಾಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂಬುದು ಅವರು ಕಂಡುಕೊಂಡ ಸಂಗತಿ. ದಿನನಿತ್ಯದ ಮಾತುಕತೆಯಲ್ಲಿ ಅವರ ತಂಡ ಗುರುತಿಸಿದ ಸುಮಾರು 1,200 ನಗುಗಳಲ್ಲಿ ಜೋಕ್ ಎನ್ನಬಹುದಾದ ಮಾತಿನ ಹಿಂದೆ ಬಂದವು ಶೇ. 20ಕ್ಕಿಂತ ಹೆಚ್ಚಿರಲಿಲ್ಲ. ಉಳಿದವೆಲ್ಲ "ಸರಿ, ಬರುತ್ತೇನೆ" ಎಂಬಂಥ ಸಪ್ಪೆ ಮಾತುಗಳಿಗೆ ಬಂದ ನಗು. ಹಾಗಿರುವಾಗ ಕತ್ತಲ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ನಗಲಿಲ್ಲವೆಂದರೆ ಅದರಲ್ಲಿ ಆಶ್ಚರ್ಯವೇನಿದೆ?

ವ್ಯಾಪಾರಿಗಳಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಹಣ ಕೊಟ್ಟು ಚಪ್ಪಾಳೆಯವರನ್ನು ಕೂರಿಸುತ್ತಿದ್ದರು. ಅವರಲ್ಲಿ ನಗುವುದಕ್ಕೆಂದೇ ಕೆಲವರು, ಕರವಸ್ತ್ರ ಹಿಡಿದು ಅಳುವುದಕ್ಕೆಂದೇ ಕೆಲವರು. 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಸ್ ಎಂಬ ಅಮೆರಿಕದ ಧ್ವನಿ ತಂತ್ರಜ್ಞ ಇದನ್ನೇ ಒಂದು ಪೆಟ್ಟಿಗೆಯೊಳಗೆ ತುಂಬಿದರು: ಕೀಲಿ ಒತ್ತಿದರೆ ಮುಗುಳ್ನಗೆ, ಇನ್ನೊಂದು ಒತ್ತಿದರೆ ಗಹಗಹ. ಟಿವಿ ಹಾಸ್ಯ ಧಾರಾವಾಹಿಗಳಲ್ಲಿ ಕೇಳಿಬರುವ ಆ ಕಾಣದ ಜನರ ನಗು ಅಲ್ಲಿಂದ ಬಂದದ್ದು. ಯುದ್ಧಭೂಮಿಯ ಆಸ್ಪತ್ರೆಯ ಕಥೆಯಾದ 'ಮ್ಯಾಶ್' ಧಾರಾವಾಹಿಯವರು ಶಸ್ತ್ರಚಿಕಿತ್ಸೆಯ ದೃಶ್ಯಗಳಿಗೆ ಮಾತ್ರ ಆ ನಗು ಬೇಡವೆಂದು ಹಟ ಹಿಡಿದು ಗೆದ್ದರು. ಬಿಬಿಸಿ ಅದನ್ನು ನಗುವಿಲ್ಲದೆಯೇ ಪ್ರಸಾರ ಮಾಡಿತು. ನನಗೆ ಆ ಪೆಟ್ಟಿಗೆಯ ನಗು ಕಂಡರಾಗದು. ಆದರೂ ಅದು ಹಾಕಿದಾಗ ತುಟಿ ತಾನಾಗಿ ಅರಳುತ್ತದೆ, ನಾಚಿಕೆಗೇಡಿನ ಮಾತು.

ಈಗ ನೇರ ಪ್ರದರ್ಶನಕ್ಕೆ ಬರೋಣ. ನಮ್ಮ ಪ್ರಹಸನದಲ್ಲಿ ಒಬ್ಬ ತಂದೆ ಬಹಳ ದಿನ ಕಾದಿದ್ದ ಪತ್ರವನ್ನು ಒಡೆದು ಮೌನವಾಗಿ ಓದುತ್ತಾನೆ, ನಾಲ್ಕಾಗಿ ಮಡಚಿ ಜೇಬಿಗೆ ಹಾಕುತ್ತಾನೆ, ಮೆಲ್ಲಗೆ ಕುರ್ಚಿಯಲ್ಲಿ ಕೂರುತ್ತಾನೆ. ಕೂರುವಾಗ ನಗು ಬರಬೇಕು. ಒಂದು ಸಂಜೆ ಮೂರನೆಯ ಸಾಲಿನ ಒಬ್ಬರು ಪತ್ರ ಬಿಚ್ಚುತ್ತಿದ್ದಂತೆಯೇ ಕಿಸಕ್ಕನೆ ನಕ್ಕುಬಿಟ್ಟರು. ಇಡೀ ಸಭಾಂಗಣದಲ್ಲಿ ಅವರೊಬ್ಬರದೇ ನಗು. ನಟ ಓದುವುದನ್ನು ನಿಲ್ಲಿಸಿ, ತಲೆ ಎತ್ತಿ, ಪತ್ರವನ್ನು ಮೆಲ್ಲಗೆ ಅವರ ಕಡೆಗೆ ತಿರುಗಿಸಿ ಹಿಡಿದ. ನೀವೇ ಓದಿಬಿಡಿ ಎಂಬಂತೆ. ಆಮೇಲೆ ಎದ್ದ ನಗುವಿನಲ್ಲಿ ಮುಂದಿನ ದೃಶ್ಯದ ದೀಪ ಹಾಕುವುದನ್ನೇ ನಾನು ಮರೆತೆ. ಮರುದಿನ ಅದೇ ನಟ, ಯಾರೂ ನಗದಿದ್ದರೂ, ಅದೇ ಮೂರನೆಯ ಸಾಲಿನ ಕಡೆಗೆ ಪತ್ರ ತಿರುಗಿಸಿ ಹಿಡಿದ. ಪಿನ್ ಬಿದ್ದರೂ ಕೇಳುವಂಥ ಮೌನ. ಪಾಪ, ಅವನ ಕಿವಿ ಕೆಂಪಾದದ್ದು ನನ್ನ ಮೂಲೆಗೂ ಕಾಣಿಸಿತು.

ಹಾಗಾಗಿ ನೀವು ಕೇಳಿದ ಮತದ ವಿಷಯ. ಒಳ್ಳೆಯ ನೇರ ಪ್ರದರ್ಶನದ ಮುಂದೆ ಯಾವ ಚಿತ್ರವೂ ನಿಲ್ಲದು. ಆದರೆ ಕೆಟ್ಟ ನೇರ ಪ್ರದರ್ಶನದಂಥ ಶಿಕ್ಷೆ ಇನ್ನೊಂದಿಲ್ಲ. ಕೆಟ್ಟ ಚಿತ್ರವನ್ನು ನಿಲ್ಲಿಸಬಹುದು, ಮೈಕ್ ಹಿಡಿದು ಗಂಟಲ ಪಸೆ ಆರಿ ನಿಂತವನನ್ನು ನಿಲ್ಲಿಸಲಾಗುವುದಿಲ್ಲ. ಎದ್ದು ಹೋಗಲು ಮನಸ್ಸು ಒಪ್ಪದು, ನಕ್ಕಂತೆ ನಟಿಸಿ ದವಡೆ ನೋಯುತ್ತದೆ. ಮುಂದಿನ ಸಾಲಿನವರ ಬೋಳು ತಲೆ, ಬೊಜ್ಜು, ಜೊತೆಗೆ ಬಂದವರು ಯಾರು ಎಂದೆಲ್ಲ ಕೆದಕಿ ಅರ್ಧ ಗಂಟೆ ತಳ್ಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ನಮ್ಮ ನಟ ಪತ್ರ ತಿರುಗಿಸಿದ್ದಕ್ಕೂ ಇದಕ್ಕೂ ಅಜಗಜಾಂತರ: ಅವನು ನಕ್ಕವರಿಗೆ ಉತ್ತರ ಕೊಟ್ಟ, ಇವರು ಸುಮ್ಮನೆ ಕುಳಿತವರನ್ನು ಬೇಟೆಯಾಡುತ್ತಾರೆ.

ಇನ್ನೊಂದು ವಿಷಯ. ರಂಗದಲ್ಲಿ ಪಳಗಿದವರು ಮಾಡಿದ ಚಿತ್ರಗಳು ಒಂಟಿ ಪ್ರೇಕ್ಷಕನಿಗೂ ಹೆಚ್ಚು ದಕ್ಕುತ್ತವೆ ಎಂಬುದು ನನ್ನ ಅನುಭವ. ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಬಾಲ್ಯದಲ್ಲೇ ಅಪ್ಪ ಅಮ್ಮನ ಜೊತೆ ರಂಗವೇರಿ ಏಟು ತಿಂದು ಬೀಳುವ ಆಟ ಆಡಿದವರು. ಬಿದ್ದ ಮೇಲೆ ತಾನು ನಕ್ಕರೆ ಜನ ನಗುವುದಿಲ್ಲ ಎಂದು ಅಲ್ಲೇ ಕಲಿತರು, ಆ ಗಂಭೀರ ಮುಖವನ್ನು ಸಿನಿಮಾಗೂ ತಂದರು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದಲ್ಲಿ ಮನೆಯ ಇಡೀ ಮುಂಗೋಡೆ ಅವರ ಮೇಲೆ ಬೀಳುತ್ತದೆ, ತೆರೆದ ಕಿಟಕಿಯ ಜಾಗದಲ್ಲಿ ನಿಂತಿದ್ದರಿಂದ ಬದುಕುತ್ತಾರೆ. ಗೋಡೆ ನಿಜವಾದದ್ದು, ಭಾರವೂ ನಿಜವಾದದ್ದು. ಮುಖದಲ್ಲಿ ಮಾತ್ರ ಬಸ್ಸು ತಪ್ಪಿದವರಷ್ಟೇ ಬೇಸರ. ಬ್ರಿಟನ್ನಿನ ಹಾಸ್ಯನಟ ರೋವನ್ ಅಟ್ಕಿನ್‌ಸನ್ 1987ರಲ್ಲಿ ಮಾಂಟ್ರಿಯಲ್ ಹಾಸ್ಯೋತ್ಸವದಲ್ಲಿ ಇಂಗ್ಲಿಷಿನ ಬದಲು ಫ್ರೆಂಚ್ ಕಾರ್ಯಕ್ರಮದಲ್ಲಿ ತಮಗೆ ಜಾಗ ಕೊಡಿ ಎಂದು ಕೇಳಿ, ಮಾತಿನ ಹಂಗಿಲ್ಲದ ತಮ್ಮ ಪಾತ್ರ ಆ ಜನಕ್ಕೂ ನಗು ತರಿಸುತ್ತದೆಯೇ ಎಂದು ಪರೀಕ್ಷಿಸಿದರು. ಟಿವಿಯಲ್ಲಿ ಮಿಸ್ಟರ್ ಬೀನ್ ಬಂದದ್ದು ಅದಾದ ಮೇಲೆ, 1990ರಲ್ಲಿ.

ನಿಮಗೆ ನಗು ತರಿಸದ ಆ ಚಿತ್ರವನ್ನು ಇನ್ನೊಮ್ಮೆ ನೋಡಿ, ಆದರೆ ಮೂವರನ್ನಾದರೂ ಕೂರಿಸಿಕೊಳ್ಳಿ. ಅವರಲ್ಲಿ ಒಬ್ಬರು ಬೇಗ ನಗುವವರಾಗಿರಲಿ, ಒಬ್ಬರೂ ಆ ಚಿತ್ರವನ್ನು ಮೊದಲೇ ನೋಡಿದವರಾಗಿರಬಾರದು. ನೋಡಿದವರು "ಈಗ ಬರುತ್ತದೆ ನೋಡಿ" ಎಂದು ಮೊಣಕೈಯಿಂದ ತಿವಿಯುತ್ತಾರೆ, ಅಲ್ಲಿಗೆ ಮುಗಿಯಿತು. ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ. ಮೊದಲ ಅರ್ಧ ಗಂಟೆಯಲ್ಲಿ ನಾಲ್ವರಲ್ಲಿ ಯಾರೂ ನಗದಿದ್ದರೆ ಧಾರಾಳವಾಗಿ ಚಿತ್ರವನ್ನೇ ಬೈದು ಬೇರೊಂದು ಹಾಕಿ.