ಮೊದಲ ನೀರೊಳಗಿನ ರೋಬೋಟ್: ಆರ್ಡುಯಿನೋ ದಡದಲ್ಲೇ ಇರಲಿ

ಬಾವಿಯ ತಳ ನೋಡಲು ಕ್ಯಾಮೆರಾ ಇರುವ ರೋಬೋಟ್ ಮಾಡಬೇಕು, ಆರ್ಡುಯಿನೋವನ್ನು (ಪ್ರೋಗ್ರಾಂ ತುಂಬಿ ಮೋಟಾರ್ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಎಂಥ ಡಬ್ಬಿಯಲ್ಲಿಟ್ಟರೆ ನೀರು ನುಗ್ಗಲ್ಲ ಎಂದು ಕೇಳಿದ್ದೀರಿ. ಮೊದಲ ಸಲ ಆರ್ಡುಯಿನೋವನ್ನು ನೀರಿಗೆ ಇಳಿಸಲೇಬೇಡಿ.

ನಾನು ಇಳಿಸಿದ್ದೆ. ರಬ್ಬರ್ ಅಂಚಿನ ಊಟದ ಡಬ್ಬಿ, ತಂತಿಯ ತೂತಿಗೆಲ್ಲ ಎಂ-ಸೀಲ್. ನಮ್ಮ ತೋಟದ ಬಾವಿಯಲ್ಲಿ ಎರಡು ಮೀಟರ್ ಇಳಿಯುವಷ್ಟರಲ್ಲಿ ಎಲ್ಲ ನಿಂತುಹೋಯಿತು. ಮೇಲೆತ್ತಿ ನೋಡಿದರೆ ಮುಚ್ಚಳ ಸರಿಯಾಗೇ ಇದೆ, ಎಂ-ಸೀಲ್ ಬಿರುಕು ಬಿಟ್ಟಿಲ್ಲ. ನೀರು ಬಂದಿದ್ದು ಕೇಬಲ್ ಒಳಗಿಂದ! ಅದರ ಹೊರಸಿಪ್ಪೆ ಒಂದು ಕಡೆ ಸೀಳಿತ್ತು. ಅಲ್ಲಿ ಹೊಕ್ಕ ನೀರು ಸಿಪ್ಪೆಗೂ ತಂತಿಗೂ ನಡುವಿನ ಸಂದಿ ಹಿಡಿದು ಸೀದಾ ಡಬ್ಬಿಗೆ ಇಳಿದಿತ್ತು. ನೀರಿನ ಒತ್ತಡವೂ ಸಣ್ಣದಲ್ಲ. 15ಕ್ಕೆ 10 ಸೆಂಟಿಮೀಟರ್ ಮುಚ್ಚಳದ ಮೇಲೆ ಎರಡು ಮೀಟರ್ ಆಳದಲ್ಲೇ ಸುಮಾರು 30 ಕೆಜಿ ಭಾರ ಕೂರುತ್ತದೆ.

ಆದ್ದರಿಂದ ನೀರೊಳಗೆ ಮೋಟಾರ್ ಮತ್ತು ಕ್ಯಾಮೆರಾ ಮಾತ್ರ ಇರಲಿ. ದೋಣಿಯಲ್ಲಿ ತುಂಬಿದ ನೀರನ್ನು ಹೊರಹಾಕುವ 12 ವೋಲ್ಟ್ ಬಿಲ್ಜ್ ಪಂಪ್ ಮೂರು ತನ್ನಿ. ಅವು ನೀರಿನಲ್ಲಿ ಮುಳುಗಿರಲೆಂದೇ ಮಾಡಿದವು. ಒಳಗಿನ ಚಕ್ರ ತೆಗೆದು ಪ್ರೊಪೆಲರ್ ಹಾಕಿ. ಎರಡು ಹಿಂದೆ ಮುಂದೆ ಹೋಗಲು, ಒಂದು ಏರಿಳಿಯಲು. ದಡದಲ್ಲಿ ಯುಪಿಎಸ್ ಬ್ಯಾಟರಿ, ಫ್ಯೂಸ್, ಮೋಟಾರಿಗೊಂದು ಡಿಪಿಡಿಟಿ ಸ್ವಿಚ್ (ಎರಡು ತಂತಿಯನ್ನು ಒಟ್ಟಿಗೆ ಬದಲಿಸುವ ಸ್ವಿಚ್). ಸ್ವಿಚ್ ಆಚೆ ಈಚೆ ತಳ್ಳಿದರೆ ಮೋಟಾರ್ ದಿಕ್ಕು ಬದಲಾಗುತ್ತದೆ, ಪ್ರೋಗ್ರಾಂ ಬೇಕಾಗಿಲ್ಲ. ವೈಫೈ ನೀರಲ್ಲಿ ದೂರ ಹೋಗುವುದಿಲ್ಲ, ಕೇಬಲ್ ಬೇಕೇ ಬೇಕು.

ಆ ಕೇಬಲ್‌ನಲ್ಲೇ ಹೆಚ್ಚಿನವರು ಎಡವುವುದು. ಲ್ಯಾನ್ ಕೇಬಲ್‌ನ ಒಂದು ಜೋಡಿ ತಂತಿಯಲ್ಲಿ 20 ಮೀಟರ್ ಹೋಗಿ ಬರಲು ಸುಮಾರು 3.4 ಓಮ್ ತಡೆ ಇರುತ್ತದೆ. ಮೋಟಾರ್ 2 ಆಂಪಿಯರ್ ಎಳೆದರೆ 12ರಲ್ಲಿ ಸುಮಾರು 7 ವೋಲ್ಟ್ ದಾರಿಯಲ್ಲೇ ಖರ್ಚು! ಮೋಟಾರಿಗೆ ದಪ್ಪ ತಂತಿಯನ್ನೇ ಹಾಕಿ.

ಕ್ಯಾಮೆರಾಗೆ ಅಗ್ಗದ ಎಂಡೋಸ್ಕೋಪ್ (ಉದ್ದ ತಂತಿಯ ತುದಿಯಲ್ಲಿರುವ ಪುಟ್ಟ ಕ್ಯಾಮೆರಾ) ಸಾಕು. ಆದರೆ ಅದರ ಮೇಲೆ ನೀರು ತಡೆಯುವ ಮಟ್ಟ ಐಪಿ67 ಎಂದು ಬರೆದಿದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಅಷ್ಟೇ. ಕೇಬಲ್ ಸೇರುವ ಜಾಗಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಸುರಿದು ಒಂದು ದಿನ ಒಣಗಲು ಬಿಡಿ.

ಚೌಕಟ್ಟಿಗೆ ಅರ್ಧ ಇಂಚಿನ ಪಿವಿಸಿ ಪೈಪ್, ಎಲ್ಬೋ, ಟೀ. ನೀರು ತುಂಬಿಕೊಳ್ಳಲು ಅಲ್ಲಲ್ಲಿ ತೂತು ಕೊರೆಯಿರಿ. ತೇಲಿಸಲು ಎರಡೂ ತುದಿ ಮುಚ್ಚಿದ ದಪ್ಪ ಪೈಪ್ ಮೇಲೆ, ಭಾರಕ್ಕೆ ಕಬ್ಬಿಣದ ಸರಳು ಕೆಳಗೆ. ಇದನ್ನು ತಿರುಗುಮುರುಗು ಮಾಡಿದರೆ ಮಗುಚಿಕೊಳ್ಳುತ್ತದೆ. ಡ್ರಮ್ಮಿನಲ್ಲಿ ಮುಳುಗಿಸಿ ಕೈ ಬಿಟ್ಟಾಗ ನಿಧಾನವಾಗಿ ಮೇಲೇರಬೇಕು, ಅಲ್ಲಿಯವರೆಗೆ ಭಾರ ಹೊಂದಿಸಿ. ಆಗ ಬ್ಯಾಟರಿ ಮುಗಿದರೂ ತಾನೇ ಮೇಲೆ ಬರುತ್ತದೆ.

ಬಾವಿಗೆ ಇಳಿಸುವಾಗ ಬೇರೆ ನೈಲಾನ್ ಹಗ್ಗ ಕಟ್ಟಿ, ಕೇಬಲ್ ಹಿಡಿದು ಎಳೆಯಬೇಡಿ. ಮನೆಯ ಕರೆಂಟಿಗೆ ಸಿಕ್ಕಿಸಿದ ಚಾರ್ಜರ್ ಆಗ ಬ್ಯಾಟರಿಗೆ ಜೋಡಿಸಿರಲೇಬಾರದು.