ವಸಡಿಗೆ ಲೇಸರ್ ಮಾಡಿಸಿದರೆ ಡೀಪ್ ಕ್ಲೀನಿಂಗ್, ಆಪರೇಷನ್ ಎರಡೂ ತಪ್ಪುತ್ತವಾ?

ಕ್ಲೀನಿಂಗ್, ಅಂದರೆ ವಸಡಿನೊಳಗೆ ಹಲ್ಲಿನ ಬೇರಿಗೆ ಅಂಟಿದ ಗಟ್ಟಿ ಕೊಳೆ ಕೆರೆದು ತೆಗೆಯುವುದು, ತಪ್ಪುವುದಿಲ್ಲ. ಆಪರೇಷನ್ ತಪ್ಪಬಹುದು. ಆದರೆ ತಪ್ಪಿದರೆ ಅದರ ಪುಣ್ಯ ಬಹುಪಾಲು ಕ್ಲೀನಿಂಗಿಗೇ ಸೇರಬೇಕು, ಲೇಸರಿಗಲ್ಲ.

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು: ತಾಯಿಗೆ 58 ವರ್ಷ, ಸಕಲೇಶಪುರದ ಹತ್ತಿರ ತೋಟದ ಮನೆ, ಶುಗರ್ ಮತ್ತು ಬಿಪಿ ಎರಡಕ್ಕೂ ಮಾತ್ರೆ, ಬ್ರಷ್ ಮಾಡಿದರೆ ರಕ್ತ, ಕೆಳಗಡೆ ಮುಂದಿನ ಎರಡು ಹಲ್ಲು ಅಲುಗಾಡುತ್ತವೆ, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಡಾಕ್ಟರೊಬ್ಬರು ‘ಪೂರ್ತಿ ಬಾಯಿಗೆ ಲೇಸರ್, ನೋವಿಲ್ಲ, ಒಂದೇ ಸಲಕ್ಕೆ ಮುಗಿಯುತ್ತೆ’ ಅಂದಿದ್ದಾರೆ. ನಾನು ಡಾಕ್ಟರಲ್ಲ. ಹಾಸನದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ನನಗೂ ಶುಗರ್ ಇದೆ, ವಸಡಿನ ಕಾಯಿಲೆಗೆ ಚಿಕಿತ್ಸೆ ಆಗಿದೆ, ಅದರಲ್ಲಿ ಒಂದು ಕಡೆ ಲೇಸರ್ ಕೂಡ ಸೇರಿತ್ತು. ಆ ಅನುಭವದಿಂದ ಮತ್ತು ಆಮೇಲೆ ಓದಿ ತಿಳಿದದ್ದರಿಂದ ಹೇಳುತ್ತಿದ್ದೇನೆ.

ಲೇಸರ್ ಬೇಕೋ ಬೇಡವೋ ಎಂದು ಯೋಚಿಸುವ ಮೊದಲು ಡಾಕ್ಟರ ಹತ್ತಿರ ಅಂಕಿ ಕೇಳಿ. ‘ಪಾಕೆಟ್ ಎಷ್ಟು ಆಳ ಇದೆ?’ ಅಂತ. ಹಲ್ಲಿಗೂ ವಸಡಿಗೂ ನಡುವೆ ಸಣ್ಣ ಸಂದು ಎಲ್ಲರಿಗೂ ಇರುತ್ತದೆ, 1ರಿಂದ 3 ಮಿಲಿಮೀಟರ್ ಇದ್ದರೆ ಆರೋಗ್ಯವೆಂದೇ ಲೆಕ್ಕ. ಅದರ ಮೇಲೆ ಹೋದರೆ ಒಳಗಡೆ ಕೆಟ್ಟಿರಬಹುದು ಎಂದು ಅರ್ಥ. ನನಗೆ ಅಳೆದದ್ದು ಮೊಂಡು ತುದಿಯ, ಗೆರೆ ಹಾಕಿದ ಸಣ್ಣ ಕಡ್ಡಿಯಲ್ಲಿ. ಒಂದೊಂದು ಹಲ್ಲಿಗೆ ಆರು ಕಡೆ. ಒಬ್ಬ ಹುಡುಗಿ ಅಳೆದು ಕೂಗುತ್ತಿದ್ದಳು, ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು: ‘ಮೂರು, ಎರಡು, ಮೂರು, ನಾಲ್ಕು...’ ಹಿಂದಿನ ದವಡೆ ಹಲ್ಲಿಗೆ ಬಂದಾಗ ‘ಆರು, ಏಳು’ ಅಂದಳು. ಕೆಲಸದಲ್ಲಿ ದಿನವಿಡೀ ಬೇರೆಯವರ ಅಂಕಿಗಳನ್ನೇ ನೋಡುವವಳು ನಾನು. ನನ್ನ ಬಾಯಿಯ ಬ್ಯಾಲೆನ್ಸ್ ಶೀಟ್ ಕೇಳಿಸಿಕೊಂಡಾಗ ಬೇರೆ ಯಾವ ಬುದ್ಧಿವಾದಕ್ಕೂ ಬಾರದ ಭಯ ಬಂತು. ಆ ಹಾಳೆ ಇಲ್ಲದೆ, ಮೂಳೆ ಎಷ್ಟು ಕರಗಿದೆ ಎಂದು ತೋರಿಸುವ ಎಕ್ಸ್‌ರೇ ಇಲ್ಲದೆ ಯಾರಾದರೂ ‘ಪೂರ್ತಿ ಬಾಯಿಗೆ ಲೇಸರ್’ ಅಂದರೆ, ಅದು ಕಾಯಿಲೆ ನೋಡಿ ಹೇಳಿದ ಮಾತಲ್ಲ, ಮೆಷಿನ್ ನೋಡಿ ಹೇಳಿದ ಮಾತು. ನನ್ನ ಅಭಿಪ್ರಾಯ ಇದು, ಒರಟಾಯಿತು ಅನಿಸಿದರೂ ಸರಿ.

ಈಗ ಲೇಸರ್ ಏನು ಮಾಡುತ್ತದೆ ನೋಡಿ. ನಮ್ಮ ಕಡೆ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಡಯೋಡ್ ಲೇಸರ್. ತೆಳುವಾದ ಫೈಬರನ್ನು ವಸಡಿನ ಸಂದಿಗೆ ಇಳಿಸುತ್ತಾರೆ. ಆ ಬೆಳಕನ್ನು ರಕ್ತದ ಕೆಂಪು ಬಣ್ಣವೂ ವಸಡಿನ ಕಪ್ಪು ಬಣ್ಣವೂ ಚೆನ್ನಾಗಿ ಹೀರಿಕೊಳ್ಳುತ್ತವೆ. ಹಾಗಾಗಿ ಊದಿಕೊಂಡ ಒಳಪದರ ಸುಟ್ಟುಹೋಗುತ್ತದೆ, ಒಂದಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ, ರಕ್ತ ಬೇಗ ನಿಲ್ಲುತ್ತದೆ. ಆದರೆ ಬೇರಿಗೆ ಅಂಟಿಕೊಂಡ ಗಾರೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಕೊಳೆ, ಅದಕ್ಕೆ ಜಗ್ಗುವುದಿಲ್ಲ. ಆ ಗಾರೆಯ ಒರಟು ಮೈಮೇಲೆಯೇ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಮನೆ ಮಾಡುವುದು. ಗಾರೆ ತೆಗೆಯದೆ ಬರೀ ಲೇಸರ್ ಹೊಡೆಸುವುದು, ತೊಟ್ಟಿ ಉಜ್ಜದೆ ಬ್ಲೀಚಿಂಗ್ ಪೌಡರ್ ಹಾಕಿ ನೀರು ತುಂಬಿಸಿದ ಹಾಗೆ. ಎರ್ಬಿಯಂ ಎಂಬ ಇನ್ನೊಂದು ಜಾತಿಯ ಲೇಸರ್ ಇದೆ, ಅದು ಗಾರೆಯನ್ನೂ ಕೀಳಬಲ್ಲದು, ಆದರೆ ಮೆಷಿನ್ ದುಬಾರಿ. ಯೂಟ್ಯೂಬಿನಲ್ಲಿ ನೀವು ನೋಡಿರಬಹುದಾದ ಅಮೆರಿಕದ ‘ಲ್ಯಾನಾಪ್’ ಬೇರೆಯದೇ ವಿಧಾನ. ಅದರಲ್ಲಿ ಎನ್‌ಡಿ-ಯಾಗ್ ಎಂಬ ಲೇಸರ್ ಬಳಸುತ್ತಾರೆ, 2004ರಲ್ಲಿ ಅಲ್ಲಿನ ಔಷಧ ಮತ್ತು ವೈದ್ಯಕೀಯ ಉಪಕರಣಗಳ ಸರ್ಕಾರಿ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಅದರಲ್ಲೂ ನಡುವೆ ಗಾರೆ ತೆಗೆಯುವ ಹಂತ ಇದ್ದೇ ಇದೆ. ಆ ವಿಡಿಯೋ ತೋರಿಸಿ ಡಯೋಡ್ ಮಾಡಿದರೆ ಒಪ್ಪಬೇಡಿ. ಯಾವ ಲೇಸರ್ ಎಂದು ಹೆಸರು ಕೇಳಿದರೆ ತಪ್ಪೇನಿಲ್ಲ.

ಹಲ್ಲಿನ ಡಾಕ್ಟರುಗಳ ದೊಡ್ಡ ಸಂಘಗಳೂ ಲೇಸರ್ ವಿಷಯದಲ್ಲಿ ಉತ್ಸಾಹ ತೋರಿಸಿಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2015ರ ಮಾರ್ಗಸೂಚಿಯಲ್ಲಿ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್, ಅಂದರೆ ನಾವು ಡೀಪ್ ಕ್ಲೀನಿಂಗ್ ಅನ್ನುವುದನ್ನೇ, ಮೊದಲ ಚಿಕಿತ್ಸೆ ಎಂದಿತು. ಅದರ ಜೊತೆಗೆ ಬರೀ ಡಯೋಡ್ ಲೇಸರ್ ಸೇರಿಸುವುದಕ್ಕೆ ಅದರ ತಜ್ಞರು ಒಪ್ಪಲಿಲ್ಲ. ಯುರೋಪಿನ ಪೆರಿಯೋಡಾಂಟಾಲಜಿ (ವಸಡಿನ ಚಿಕಿತ್ಸೆ) ಒಕ್ಕೂಟದ 2020ರ ಮಾರ್ಗಸೂಚಿ ಕೂಡ ಕ್ಲೀನಿಂಗ್ ಜೊತೆ ಲೇಸರ್ ಬಳಸುವುದು ಬೇಡ ಎಂದೇ ಸೂಚಿಸಿದೆ. ಲೇಸರ್ ಮೋಸ ಅಂತ ಇದರ ಅರ್ಥವಲ್ಲ, ಹೆಚ್ಚಿಗೆ ಕೊಡುವ ದುಡ್ಡಿಗೆ ತಕ್ಕ ಹೆಚ್ಚಿನ ಲಾಭ ಸಾಬೀತಾಗಿಲ್ಲ ಅಂತ.

ನಿಮ್ಮ ತಾಯಿಯ ವಿಷಯದಲ್ಲಿ ಲೇಸರ್ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಜಾಗ ಇರಬಹುದು. ಬಿಪಿ ಮಾತ್ರೆಯ ಹೆಸರು ನೋಡಿ. ಆಮ್ಲೋಡಿಪಿನ್ ಆಗಿದ್ದರೆ, ಅದು ಕೆಲವರಿಗೆ ವಸಡು ದಪ್ಪಗೆ ಬೆಳೆಯುವಂತೆ ಮಾಡುತ್ತದೆ. ಹಾಗೆ ಬೆಳೆದ ವಸಡನ್ನು ಕತ್ತರಿಸಿ ಸರಿಮಾಡುವುದಕ್ಕೆ ಡಯೋಡ್ ಒಳ್ಳೆಯ ಸಾಧನ, ರಕ್ತ ಕಡಿಮೆ, ಎಷ್ಟೋ ಸಲ ಹೊಲಿಗೆಯೂ ಬೇಕಾಗುವುದಿಲ್ಲ. ನನಗೆ ಮಾಡಿದ್ದೂ ಇಂಥದ್ದೇ, ಕ್ಲೀನಿಂಗ್ ಎಲ್ಲ ಮುಗಿದ ಮೇಲೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬಿಪಿ ನೋಡುವ ಡಾಕ್ಟರನ್ನು ಕೇಳಿ, ಬೇಕೆನಿಸಿದರೆ ಅವರೇ ಬದಲಿಸುತ್ತಾರೆ.

ನೋವಿನ ಮಾತಿಗೆ ಬಂದರೆ, ಡೀಪ್ ಕ್ಲೀನಿಂಗೂ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡುವುದು. ಸೂಜಿ ಚುಚ್ಚಿದಷ್ಟೇ ನೋವು. ಆಮೇಲೆ ಕೆಲವು ದಿನ ತಣ್ಣೀರು ಕುಡಿದರೆ ಝುಂ ಅನ್ನುತ್ತದೆ. ಊತ ಇಳಿದ ಮೇಲೆ ವಸಡು ಕೆಳಗೆ ಸರಿದು ಹಲ್ಲಿನ ಸಂದಿ ಕಾಣುತ್ತದೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಹಲ್ಲು ಸಡಿಲವಾಗಿದ್ದು ಮೂಳೆ ಕರಗಿ, ಗಾರೆ ಅದನ್ನು ಮುಚ್ಚಿಟ್ಟಿತ್ತು ಅಷ್ಟೆ. ತಾಯಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲವಾದರೆ ಎರಡನೇ ಸಲ ಕುರ್ಚಿ ಹತ್ತುವುದಿಲ್ಲ. ಅಲುಗಾಡುವ ಆ ಎರಡು ಹಲ್ಲು ಉಳಿಯುತ್ತವೋ ಇಲ್ಲವೋ ಎಂದು ಎಕ್ಸ್‌ರೇ ನೋಡದೆ ಯಾರೂ ಹೇಳಲಾಗದು. ಕರಗಿದ ಮೂಳೆಯನ್ನು ಡಯೋಡ್ ಲೇಸರ್ ವಾಪಸ್ ತರುತ್ತದೆ ಎಂದು ಯಾರಾದರೂ ಅಂದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಕ್ಲೀನಿಂಗ್ ಆಗಿ ಎರಡು ಮೂರು ತಿಂಗಳಿಗೆ ಮತ್ತೆ ಅಳೆಸಬೇಕು. ಎಷ್ಟೋ ಪಾಕೆಟ್‌ಗಳು ಅಷ್ಟರಲ್ಲೇ ಮುಚ್ಚಿಕೊಂಡಿರುತ್ತವೆ. 4-5 ಮಿಲಿಮೀಟರ್ ಉಳಿದಿದ್ದರೆ ಆ ಜಾಗವನ್ನಷ್ಟೇ ಮತ್ತೆ ಕ್ಲೀನ್ ಮಾಡುತ್ತಾರೆ. 6 ಅಥವಾ ಅದಕ್ಕಿಂತ ಜಾಸ್ತಿ ಉಳಿದ ಕಡೆ ವಸಡು ಬಿಡಿಸಿ ಒಳಗೆ ನೋಡುವ ಫ್ಲಾಪ್ ಆಪರೇಷನ್ ಮಾತು ಬರುತ್ತದೆ. ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆ ಈ ಕಾಯಿಲೆಗೆ ಇಲ್ಲ. ಶುಗರ್ ಇರುವವರು ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕಾಗಬಹುದು. ಇದರಲ್ಲಿ ಒಂದು ಲಾಭವೂ ಇದೆ: ವಸಡು ವಾಸಿಯಾದರೆ ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಅಂಕಿ) ಮೂರ್ನಾಲ್ಕು ತಿಂಗಳಲ್ಲಿ ಸರಾಸರಿ ಶೇ 0.4ರಷ್ಟು ಇಳಿಯುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಹೊಗೆಸೊಪ್ಪು ಮುಂದುವರಿದರೆ ಮಾತ್ರ ಮೇಲಿನದೆಲ್ಲ ಅರ್ಧಕ್ಕರ್ಧ ವ್ಯರ್ಥ. ಎಲೆಅಡಿಕೆಯನ್ನೂ ಬಿಡಿ ಅಂದರೆ ಮನೆಯಲ್ಲಿ ಜಗಳವೇ ಆದೀತು. ಆದರೂ ಹೇಳಿ. ಅಡಿಕೆ ಒಂದೇ ಆದರೂ ಬಾಯಿಗೆ ಒಳ್ಳೆಯದಲ್ಲ.

ಎಲ್ಲಿ ತೋರಿಸಬೇಕು ಅಂದಿದ್ದೀರಿ. ಹಾಸನದ ವಿದ್ಯಾನಗರದಲ್ಲಿ ಶ್ರೀ ಹಾಸನಾಂಬ ಡೆಂಟಲ್ ಕಾಲೇಜಿದೆ. ಡೆಂಟಲ್ ಕಾಲೇಜು ಅಂದಮೇಲೆ ವಸಡಿಗೆಂದೇ ಬೇರೆ ವಿಭಾಗ ಇರುತ್ತದೆ, ಪೆರಿಯೋ ಅಂತ ಕೇಳಿದರೆ ತೋರಿಸುತ್ತಾರೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮಾಡಿ ಮೇಡಂ ಬಂದು ನೋಡುವುದರಿಂದ ಹೊತ್ತು ಹಿಡಿಯುತ್ತದೆ, ಅರ್ಧ ದಿನ ಇಟ್ಟುಕೊಂಡು ಬನ್ನಿ. ಖಾಸಗಿ ಕ್ಲಿನಿಕ್ಕೇ ಅನುಕೂಲ ಅನ್ನುವುದಾದರೆ ವಸಡಿನ ಚಿಕಿತ್ಸೆಯಲ್ಲಿ ಎಂಡಿಎಸ್ (ಹಲ್ಲಿನ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡಿದವರು ಯಾವ ದಿನ ಬರುತ್ತಾರೆಂದು ಫೋನ್ ಮಾಡಿ ಕೇಳಿ. ಕ್ಲೀನಿಂಗಿಗೆ ಎಷ್ಟು, ಲೇಸರಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ತಾಯಿಯನ್ನು ಕರೆದುಕೊಂಡು ಬರುವಾಗ ಬೆಳಗಿನ ತಿಂಡಿ, ಶುಗರ್ ಮಾತ್ರೆ ಎರಡನ್ನೂ ಬಿಡಿಸಬೇಡಿ. ಎಲ್ಲ ಮಾತ್ರೆಗಳ ಚೀಟಿ ತನ್ನಿ. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಬಾಯಿ ತೆರೆಯುವ ಮೊದಲೇ ಹೇಳಿಬಿಡಿ.